ಮಾತು ಬರುವ ಮುಂಚಿನ ಮಾತು: ಕೂಸಿನ ಹಾವಭಾವ ಓದುವುದು, ಉತ್ತರ ಕೊಡುವುದು ಹೇಗೆ?

ಹೊಸದಾಗಿ ಅಪ್ಪ-ಅಮ್ಮ ಆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. "ಮುದ್ದು ಮಾಡೋಕೆ ಹೋದ್ರೆ ಪಾಪು ಮುಖ ಆ ಕಡೆ ತಿರುಗಿಸಿಬಿಡುತ್ತೆ, ನಾನಂದ್ರೆ ಇಷ್ಟ ಇಲ್ವಾ?" "ಎಲ್ಲರ ಹತ್ರನೂ ಹೋಗ್ತಿದ್ದ ಮಗು ಎಂಟನೇ ತಿಂಗಳಿಗೆ ಅಜ್ಜಿಯನ್ನ ಕಂಡ್ರೂ ಕಿರುಚುತ್ತೆ, ಯಾಕೆ?" "ವರ್ಷ ತುಂಬ್ತಾ ಬಂತು, ಒಂದು ಮಾತೂ ಇಲ್ಲ. ಕಾಯಬೇಕಾ, ಡಾಕ್ಟರಿಗೆ ತೋರಿಸಬೇಕಾ?"

ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಮಾತು ಬರುವುದಕ್ಕೆ ಎಷ್ಟೋ ಮೊದಲೇ ಮಗು ಕಣ್ಣು, ಹುಬ್ಬು, ಬೆರಳು, ಬೆನ್ನುಗಳಿಂದ ಮಾತಾಡುತ್ತಿರುತ್ತದೆ. ನಿಮ್ಮ ಮುಖ, ದನಿ, ಎತ್ತಿಕೊಂಡ ತೋಳಿನ ಬಿಗಿ ಎಲ್ಲವನ್ನೂ ಓದುತ್ತಿರುತ್ತದೆ. ಇಲ್ಲಿ ದೊಡ್ಡವರು ಎಡವುವುದು ಬಹುಮಟ್ಟಿಗೆ ಅವಸರದಿಂದ. ಮಗು ಮೊದಲ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗಲೇ ನಾವು ಮೂರನೆಯದನ್ನು ಕೇಳಿ ಮುಗಿಸಿರುತ್ತೇವೆ.

ಹುಟ್ಟಿನಿಂದ ಒಂದು ವರ್ಷದವರೆಗಿನ ಕ್ರಮವನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದೆ.

ಏನೇನು ಬೇಕು?

ಕೊಳ್ಳಬೇಕಾದ್ದು ಏನೂ ಇಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಸಾಕು. ಟಿವಿ ಆರಿಸಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತುಕೊಳ್ಳಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಕೂಸಿಗೆ ಕಾಣುವುದು ಕಪ್ಪು ನೆರಳು ಮಾತ್ರ.

ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಇಲ್ಲಿ ಹೇಳುವ ತಿಂಗಳುಗಳನ್ನು 'ತಿದ್ದಿದ ವಯಸ್ಸಿ'ನಲ್ಲಿ ಲೆಕ್ಕ ಹಾಕಿ. ಅಂದರೆ ಎಷ್ಟು ವಾರ ಬೇಗ ಹುಟ್ಟಿತೋ ಅಷ್ಟನ್ನು ಈಗಿನ ವಯಸ್ಸಿನಿಂದ ಕಳೆಯಬೇಕು. 40 ವಾರದ ಬದಲು 32 ವಾರಕ್ಕೆ ಹುಟ್ಟಿ ಈಗ ನಾಲ್ಕು ತಿಂಗಳು ತುಂಬಿದ್ದರೆ, ಹಾವಭಾವದ ಲೆಕ್ಕಕ್ಕೆ ಅದು ಎರಡು ತಿಂಗಳ ಕೂಸು. ಇದು ಗೊತ್ತಿಲ್ಲದೆ ಗಾಬರಿಯಾಗುವವರು ಬಹಳ.

ಹಂತ 1: ಸರಿಯಾದ ಹೊತ್ತು ಆರಿಸಿಕೊಳ್ಳಿ

ಹಸುಗೂಸು ದಿನವಿಡೀ ಆರು ಸ್ಥಿತಿಗಳ ನಡುವೆ ಓಡಾಡುತ್ತಿರುತ್ತದೆ: ಗಾಢ ನಿದ್ದೆ, ಹಗುರ ನಿದ್ದೆ, ತೂಕಡಿಕೆ, ಶಾಂತ ಎಚ್ಚರ, ಚಡಪಡಿಕೆಯ ಎಚ್ಚರ, ಅಳು. ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೇಜಲ್‌ಟನ್ 1973ರಲ್ಲಿ ರೂಪಿಸಿದ ನವಜಾತ ಶಿಶು ಪರೀಕ್ಷೆಯೂ ಇದೇ ವಿಂಗಡಣೆಯ ಮೇಲೆ ನಿಂತಿದೆ. ನಿಮಗೆ ಬೇಕಾದದ್ದು 'ಶಾಂತ ಎಚ್ಚರ': ಕಣ್ಣು ಅಗಲವಾಗಿ ಹೊಳೆಯುತ್ತಿರುತ್ತವೆ, ಕೈಕಾಲು ಹೆಚ್ಚು ಆಡುವುದಿಲ್ಲ, ಉಸಿರು ಒಂದೇ ಸಮ ಇರುತ್ತದೆ. ಮೊದಲ ವಾರಗಳಲ್ಲಿ ಇದು ಒಂದು ಸಲಕ್ಕೆ ಕೆಲವೇ ನಿಮಿಷ. ಹಾಲು ಕುಡಿದು ತೇಗು ಬಂದ ಮೇಲೆ, ಒದ್ದೆ ಬಟ್ಟೆ ಬದಲಿಸಿದ ಮೇಲೆ ಗಮನಿಸಿ.

ಎಡವುವ ಜಾಗ: ಹಗುರ ನಿದ್ದೆಯಲ್ಲಿ ಕೂಸು ಮುಖ ಕಿವುಚುತ್ತದೆ, ಕುಂಯ್‌ಗುಟ್ಟುತ್ತದೆ, ನಗುತ್ತದೆ ಕೂಡ. ದೇವರು ನಗಿಸುತ್ತಿದ್ದಾನೆ ಅನ್ನುತ್ತಾರೆ ಅಜ್ಜಿಯರು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತಿದ್ದರೆ ಮಗು ಇನ್ನೂ ನಿದ್ದೆಯಲ್ಲೇ ಇದೆ. ಎದ್ದಿತು ಎಂದು ಎತ್ತಿಕೊಂಡರೆ ನಿದ್ದೆ ನಿಜವಾಗಿ ಕೆಡುತ್ತದೆ. ಅರ್ಧ ನಿಮಿಷ ನೋಡಿ, ಎಷ್ಟೋ ಸಲ ಮತ್ತೆ ಮಲಗಿಬಿಡುತ್ತದೆ.

ಹಂತ 2: ಗೇಣಿನ ಲೆಕ್ಕ

ಹುಟ್ಟಿದ ಕೂಸಿಗೆ ಚೆನ್ನಾಗಿ ಕಾಣುವ ದೂರ 20ರಿಂದ 30 ಸೆಂಟಿಮೀಟರ್, ಅಂದರೆ ಒಂದು ಗೇಣು, ಬಹಳವಾದರೆ ಒಂದೂವರೆ ಗೇಣು. ಎದೆಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ತೊಟ್ಟಿಲ ಮೇಲಿನಿಂದ ಬಗ್ಗಿ ನೋಡುವವರು ಈ ದೂರದ ಹೊರಗೇ ಉಳಿದು, "ನನ್ನನ್ನ ನೋಡ್ತಾನೇ ಇಲ್ಲ" ಅನ್ನುತ್ತಾರೆ.

ಮಡಿಲಲ್ಲಿ ತಲೆ ತುಸು ಎತ್ತರಕ್ಕೆ ಬರುವಂತೆ ಮಲಗಿಸಿ, ಕುತ್ತಿಗೆಗೆ ಅಂಗೈ ಆಸರೆ ಕೊಟ್ಟು, ನಿಮ್ಮ ಮುಖ ನೇರ ತನ್ನಿ. ಹುಟ್ಟಿ ಎರಡರಿಂದ ಐದು ದಿನವಾದ ಶಿಶುಗಳೂ ಪಕ್ಕಕ್ಕೆ ನೋಡುತ್ತಿರುವ ಮುಖಕ್ಕಿಂತ ತಮ್ಮನ್ನೇ ನೋಡುತ್ತಿರುವ ಮುಖದ ಮೇಲೆ ಹೆಚ್ಚು ಹೊತ್ತು ಕಣ್ಣು ನೆಡುತ್ತವೆ ಎಂದು 2002ರಲ್ಲಿ ತೆರೇಸಾ ಫರೋನಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಕಣ್ಣಿಗೆ ಕಣ್ಣು ಸೇರಿದ ಮೇಲೆ ಒಂದೇ ಒಂದು ಕೆಲಸ ಮಾಡಿ: ನಿಧಾನವಾಗಿ ಬಾಯಿ ತೆರೆಯಿರಿ, ಇಲ್ಲವೇ ಹುಬ್ಬು ಏರಿಸಿ. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೂಸಿನ ಬಾಯಿ, ಬೆರಳು, ಉಸಿರು ಎಲ್ಲಾದರೂ ಒಂದು ಕಡೆ ಬದಲಾವಣೆ ಕಂಡೀತು. ಅದು ಉತ್ತರ.

ನಾಲಿಗೆ ಹೊರಚಾಚಿ ತೋರಿಸಿದರೆ ನವಜಾತ ಶಿಶುವೂ ಚಾಚುತ್ತದೆ ಎಂದು 1977ರಲ್ಲಿ ಆಂಡ್ರ್ಯೂ ಮೆಲ್ಟ್ಸಾಫ್ ಮತ್ತು ಕೀತ್ ಮೂರ್ ಬರೆದದ್ದು ಬಹಳ ಪ್ರಸಿದ್ಧವಾಯಿತು. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅಂಥ ಅನುಕರಣೆ ಕಂಡುಬರಲಿಲ್ಲ, ವಾದ ಇನ್ನೂ ನಡೆದಿದೆ. ಆದ್ದರಿಂದ ನಾಲಿಗೆ ಚಾಚುವುದನ್ನು ಆಟವಾಗಿ ಇಟ್ಟುಕೊಳ್ಳಿ, ಬುದ್ಧಿ ಅಳೆಯುವ ಪರೀಕ್ಷೆ ಮಾಡಿಕೊಳ್ಳಬೇಡಿ.

ಹಂತ 3: 'ಬೇಕು' ಮತ್ತು 'ಸಾಕು' ಓದಲು ಕಲಿಯಿರಿ

ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಈ ಹಂತವೊಂದನ್ನು ಬಿಡಬೇಡಿ.

'ಬೇಕು' ಅನ್ನುವ ಮಗುವಿನ ಹುಬ್ಬು ಏರಿರುತ್ತದೆ, ಕಣ್ಣು ಅರಳಿರುತ್ತವೆ, ಮುಷ್ಟಿ ಸಡಿಲವಾಗಿರುತ್ತದೆ, ತುಟಿ ದುಂಡಗಾಗಿ ಮುಂದೆ ಬರುತ್ತದೆ, ಕಾಲು ಸೈಕಲ್ ಹೊಡೆದಂತೆ ಆಡುತ್ತವೆ. ಇದು ಎಲ್ಲರಿಗೂ ಗೊತ್ತಾಗುತ್ತದೆ.

'ಸಾಕು' ಅನ್ನುವುದೇ ತಪ್ಪಿಹೋಗುವುದು, ಏಕೆಂದರೆ ಅದು ಎರಡು ದನಿಯಲ್ಲಿ ಬರುತ್ತದೆ. ಮೆಲುದನಿಯದ್ದು ಮೊದಲು: ಕಣ್ಣು ಪಕ್ಕಕ್ಕೆ ಸರಿಯುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಕೆ, ಇದ್ದಕ್ಕಿದ್ದಂತೆ ಬಿಕ್ಕಳಿಕೆ ಅಥವಾ ಸೀನು, ಬೆರಳುಗಳನ್ನೆಲ್ಲ ಅಗಲಿಸಿ ಅಂಗೈ ಮುಂದಕ್ಕೆ ಚಾಚುವುದು, ಹಣೆ ಗಂಟಿಕ್ಕುವುದು. ಇದಕ್ಕೆ ಬೆಲೆ ಸಿಗದಿದ್ದರೆ ಏರುದನಿ: ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಸೆಟೆಸುವುದು, ಕೈಯಿಂದ ನೂಕುವುದು, ಮೈ ಬಣ್ಣ ಬದಲಾಗುವುದು, ಕೊನೆಗೆ ರಚ್ಚೆ.

ಎರಡು ತಿಂಗಳ ಕೂಸಿನ ಒಂದು ನಿಮಿಷವನ್ನು ಹತ್ತಿರದಿಂದ ನೋಡಿ. ಅಮ್ಮ "ಏನೋ ಬಂಗಾರಾ" ಅನ್ನುತ್ತಾಳೆ. ಕೂಸು ನೋಡುತ್ತದೆ, ಬಾಯಿ ತೆರೆಯುತ್ತದೆ, "ಆ" ಎಂದು ಉಸಿರು ಬಿಟ್ಟು ಕಾಲು ಒದೆಯುತ್ತದೆ. ಅಮ್ಮ ನಗುತ್ತಾಳೆ. ಕೂಸಿನ ಒದೆತ ಜೋರಾಗುತ್ತದೆ, ಉಸಿರು ಏರುತ್ತದೆ, ಆಮೇಲೆ ಥಟ್ಟನೆ ಮುಖ ಎಡಕ್ಕೆ ತಿರುಗಿಸಿ ಗೋಡೆ ನೋಡುತ್ತದೆ. ಈ ತಿರುವಿನಲ್ಲಿ ಕೋಪ, ಬೇಸರ ಯಾವುದೂ ಇಲ್ಲ. ಒಳಗೆ ಉಕ್ಕಿದ ಉತ್ಸಾಹ ಇಳಿಯಲಿ ಎಂದು ಬಿಡುವು ತೆಗೆದುಕೊಂಡಿದೆ. ಅಮ್ಮ ಸುಮ್ಮನೆ ಅಲ್ಲೇ ಕೂತಿದ್ದರೆ ಕೂಸು ಎಂಟ್ಹತ್ತು ಸೆಕೆಂಡಿಗೆ ತಾನಾಗಿ ತಿರುಗಿ ಮತ್ತೆ ಕಣ್ಣು ಕೂಡಿಸುತ್ತದೆ.

ನಿಯಮ ಹೀಗಿದೆ:

1. ಮುಖ ತಿರುಗಿಸಿದ ಕ್ಷಣ ದನಿ ನಿಲ್ಲಿಸಿ.
2. ನಿಮ್ಮ ಮುಖ ಇದ್ದಲ್ಲೇ ಇರಲಿ, ಅದು ತಿರುಗಿದ ಕಡೆ ನೀವು ಓಡಬೇಡಿ.
3. ಮತ್ತೆ ನೋಡಿದಾಗ ಮೊದಲಿಗಿಂತ ಮೆಲ್ಲಗೆ ಶುರುಮಾಡಿ.
4. ಮೂರು ಸಲ ತಿರುಗಿಸಿತು, ಜತೆಗೆ ಆಕಳಿಸಿತು ಅಂದರೆ ಆಟ ಮುಗಿಯಿತು. ಹೆಗಲಿಗೆ ಹಾಕಿಕೊಳ್ಳಿ.

ನಾವು ಮಾಡುವುದು ಇದರ ಉಲ್ಟಾ. ತಿರುಗಿದ ಕಡೆಗೇ ಮುಖ ತೂರಿಸುತ್ತೇವೆ, ಚಿಟಿಕೆ ಹೊಡೆಯುತ್ತೇವೆ, ಗಿಲಕಿ ಅಲ್ಲಾಡಿಸುತ್ತೇವೆ, ಗಲ್ಲ ಹಿಡಿದು ಈ ಕಡೆ ತಿರುಗಿಸುತ್ತೇವೆ. ಮಗುವಿಗೆ ಉಳಿದಿದ್ದ ಒಂದೇ ಬಾಗಿಲೂ ಮುಚ್ಚಿತು, ಇನ್ನು ಅಳದೆ ಏನು ಮಾಡೀತು?

ನಾಮಕರಣದ ದಿನ ನೋಡಿ. ವಾಲಗ, ಮೈಕು, ಫೋಟೊದ ಫ್ಲ್ಯಾಷು, ಇಪ್ಪತ್ತು ಕೈ ಬದಲಾಗುವ ಕೂಸು. ಸಂಜೆ ಅದು ರಚ್ಚೆ ಹಿಡಿದರೆ "ದೃಷ್ಟಿ ತಾಗಿದೆ" ಅನ್ನುತ್ತಾರೆ. ನಿಜವಾಗಿ ತಾಗಿರುವುದು ಗದ್ದಲ. ದೃಷ್ಟಿ ತೆಗೆಯಲು ಕೂಸನ್ನು ಒಳಕೋಣೆಗೆ ಒಯ್ದು, ಒಬ್ಬರೇ ಸುಮ್ಮನೆ ಮಡಿಲಲ್ಲಿಟ್ಟು ಕೂರುತ್ತಾರಲ್ಲ, ಆ ಭಾಗ ಮಾತ್ರ ಅಪ್ಪಟ ಮದ್ದು. ಅದನ್ನು ಕಾರ್ಯಕ್ರಮದ ನಡುವೆಯೇ ಗಂಟೆಗೊಮ್ಮೆ ಮಾಡಿಬಿಡಿ.

ಹಸಿವಿನದ್ದೂ ಇದೇ ಕಥೆ. ಮೊದಲು ತುಟಿ ಚಪ್ಪರಿಸುವುದು, ಕೆನ್ನೆಗೆ ಏನು ತಾಗಿದರೂ ಆ ಕಡೆ ಬಾಯಿ ತೆರೆದು ಹುಡುಕುವುದು, ಮುಷ್ಟಿ ಬಾಯಿಗೊಯ್ಯುವುದು. ಆಮೇಲೆ ಚಡಪಡಿಕೆ. ಅಳು ಬರುವುದು ಕಟ್ಟಕಡೆಗೆ, ಅಷ್ಟರಲ್ಲಿ ಮೊಲೆ ಹಿಡಿಯುವುದೂ ಕಷ್ಟವಾಗಿರುತ್ತದೆ. ಆದರೆ ಮೂರು ತಿಂಗಳು ದಾಟಿದ ಮೇಲೆ ಕೈ ಬಾಯಿಗೆ ಹೋದದ್ದೆಲ್ಲ ಹಸಿವಲ್ಲ, ಆ ವಯಸ್ಸಿಗೆ ಬಾಯಿಯೇ ಪರೀಕ್ಷೆ ಮಾಡುವ ಸಾಧನ. ಒಂದೇ ಸನ್ನೆಯಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಸನ್ನೆ, ಜತೆಗೆ ಕೊನೆಯ ಸಲ ಹಾಲು ಕುಡಿದ ಹೊತ್ತು, ಇಷ್ಟನ್ನು ಸೇರಿಸಿ ನೋಡಿ.

ಎಚ್ಚರಿಕೆ: ಆರರಿಂದ ಎಂಟನೇ ವಾರದ ಹೊತ್ತಿಗೆ ಮಕ್ಕಳ ಅಳು ಅತಿ ಹೆಚ್ಚು. ಎಲ್ಲ ಓದಿ, ಎಲ್ಲ ಮಾಡಿದರೂ ನಿಲ್ಲದ ದಿನಗಳಿರುತ್ತವೆ. ತಾಳ್ಮೆ ಕಳಚುತ್ತಿದೆ ಅನಿಸಿದರೆ ಕೂಸನ್ನು ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ಬನ್ನಿ, ಇಲ್ಲವೇ ಇನ್ನೊಬ್ಬರ ಕೈಗೆ ಕೊಡಿ. ಯಾವ ಕಾರಣಕ್ಕೂ ಕೂಸನ್ನು ಹಿಡಿದು ಜೋರಾಗಿ ಅಲ್ಲಾಡಿಸಬೇಡಿ, ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರುತ್ತದೆ.

ಹಂತ 4: ಸರದಿ ಪಾಲಿಸಿ (2ರಿಂದ 6 ತಿಂಗಳು)

ಆರರಿಂದ ಎಂಟು ವಾರಕ್ಕೆ ನಿಮ್ಮ ಮುಖ ನೋಡಿ ನಗುವ ನಗು ಶುರುವಾಗುತ್ತದೆ. ನಿದ್ದೆಯ ನಗುವಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಸುಲಭ: ಇದರಲ್ಲಿ ಕಣ್ಣೂ ನಗುತ್ತವೆ. ಇಲ್ಲಿಂದ ನಿಜವಾದ ಸಂಭಾಷಣೆ. ನೀವು ಒಂದು ಮಾತು ಹೇಳಿ ನಿಲ್ಲಿಸಿ, ಅದರ ಸದ್ದಿಗೆ ಕಾಯಿರಿ, ಬಂದ ಸದ್ದನ್ನೇ ತಿರುಗಿ ಹೇಳಿ.

ಎದುರಿನ ಮುಖ ಉತ್ತರಿಸುವುದನ್ನು ಮಗು ಎಷ್ಟು ನೆಚ್ಚಿಕೊಂಡಿರುತ್ತದೆ ಎಂಬುದನ್ನು ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತೋರಿಸಿದರು. ಚೆನ್ನಾಗಿ ಆಡಿಸುತ್ತಿದ್ದ ತಾಯಿ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನು ನೋಡುತ್ತ ಕೂರುತ್ತಾಳೆ. ಮಗು ಮೊದಲು ನಗಿಸಲು ನೋಡುತ್ತದೆ, ಮುಂದಕ್ಕೆ ಬಾಗುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಕುಗ್ಗಿಬಿಡುತ್ತದೆ. ಮೊಬೈಲ್ ನೋಡುತ್ತ ಹಾಲೂಡಿಸುವಾಗ ನಮ್ಮ ಮುಖ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿರುತ್ತದೆ. ಈ ಪ್ರಯೋಗವನ್ನು ರೀಲ್ಸ್‌ಗಾಗಿ ಮನೆಯಲ್ಲಿ ಮಾಡುವವರಿದ್ದಾರೆ, ದಯವಿಟ್ಟು ಬೇಡ.

ಹಾಗೆಂದು ಎಲ್ಲ ಹೊತ್ತೂ ಮಗುವಿನ ಮುಖ ನೋಡುತ್ತಿರಬೇಕಿಲ್ಲ. ಚೆನ್ನಾಗಿರುವ ತಾಯಿ-ಮಗುವೂ ಆಟದಲ್ಲಿ ಅರ್ಧಕ್ಕಿಂತ ಕಡಿಮೆ ಹೊತ್ತು ಮಾತ್ರ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುತ್ತಾರೆ ಎಂಬುದೂ ಟ್ರಾನಿಕ್ ಅವರದೇ ಕೆಲಸದಿಂದ ಗೊತ್ತಾದದ್ದು. ಉಳಿದದ್ದು ತಪ್ಪುವುದು, ಸರಿಮಾಡಿಕೊಳ್ಳುವುದು. ಆ ಸರಿಮಾಡಿಕೊಳ್ಳುವಿಕೆಯಿಂದಲೇ ಮಗು ಕಲಿಯುತ್ತದೆ.

ಬಾಣಂತಿಗೆ ಎರಡು ವಾರಕ್ಕಿಂತ ಹೆಚ್ಚು ದಿನ ಮಗುವಿನ ಮುಖ ನೋಡಿದರೂ ಏನೂ ಅನಿಸುತ್ತಿಲ್ಲ, ಅಳು ಬರುತ್ತಿದೆ, ನಿದ್ದೆ ಇಲ್ಲ ಅಂದರೆ "ಇದೆಲ್ಲ ಮಾಮೂಲಿ" ಎಂದು ತಳ್ಳಿಹಾಕಬೇಡಿ. ಅದು ಬಾಣಂತಿ ಖಿನ್ನತೆ ಇರಬಹುದು, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ದೂರದ ಊರಲ್ಲಿ, ಹೊರದೇಶದಲ್ಲಿ ಇರುವವರು ಅಜ್ಜಿ-ತಾತನಿಗೆ ವಿಡಿಯೊ ಕಾಲ್‌ನಲ್ಲಿ ಮಗುವನ್ನು ತೋರಿಸುತ್ತಾರೆ. ಎರಡು ವರ್ಷದವರೆಗೆ ಪರದೆ ಬೇಡ ಅನ್ನುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ನೆಂಟರ ಜತೆ ಆಗೀಗ ಮಾಡುವ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಆದರೆ ನೆಟ್‌ವರ್ಕ್ ತಡವರಿಸಿದರೆ ಸರದಿ ಕೆಡುತ್ತದೆ. ಲಿನ್ ಮರ್ರೆ ಮತ್ತು ಕಾಲ್ವಿನ್ ಟ್ರೆವಾರ್ಥನ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟಿವಿ ಪರದೆಯ ಮೇಲೆ ತಾಯಿ ನೇರವಾಗಿ ಉತ್ತರಿಸುವಾಗ ಖುಷಿಯಿಂದಿದ್ದ ಎರಡು ತಿಂಗಳ ಆಸುಪಾಸಿನ ಶಿಶುಗಳು, ಅದೇ ತಾಯಿಯ ರೆಕಾರ್ಡ್ ಮಾಡಿದ ನಗುವನ್ನು ಹಾಕಿದಾಗ ಗೊಂದಲಗೊಂಡು ಮುಖ ತಿರುಗಿಸಿದವು. ಅಜ್ಜಿಗೆ ಹೇಳಿ: ಒಂದು ಮಾತು, ನಂತರ ಮೌನ. ಚಿತ್ರ ನಿಂತು ನಿಂತು ಬರುತ್ತಿದ್ದರೆ ಆವತ್ತಿಗೆ ಬಿಟ್ಟುಬಿಡಿ.

ಹಂತ 5: ಹೊಸಬರ ಭಯ (6ರಿಂದ 9 ತಿಂಗಳು)

ಗೊತ್ತಿರುವ ಮುಖ, ಗೊತ್ತಿಲ್ಲದ ಮುಖ ಎಂಬ ವಿಂಗಡಣೆ ಪಕ್ಕಾ ಆದದ್ದರ ಗುರುತು ಹೊಸಬರನ್ನು ಕಂಡು ಬರುವ ಈ ಅಳು. ಅಜ್ಜಿ ಬೇಸರ ಮಾಡಿಕೊಳ್ಳುವಂಥದ್ದು ಏನೂ ಆಗಿಲ್ಲ. ಮೂರು ತಿಂಗಳ ನಂತರ ಊರಿಂದ ಬಂದವರು ಹೀಗೆ ಮಾಡಲಿ:

1. ಬಂದ ಕೂಡಲೇ ಕೈ ಚಾಚಬೇಡಿ. ಮಗು ಅಮ್ಮನ ತೋಳಲ್ಲೇ ಇರಲಿ.
2. ನೆಲದ ಮೇಲೆ, ಮಗುವಿಗಿಂತ ತಗ್ಗಿನಲ್ಲಿ, ಸ್ವಲ್ಪ ಓರೆಯಾಗಿ ಕೂತುಕೊಳ್ಳಿ. ನೇರ ದಿಟ್ಟಿಸಬೇಡಿ.
3. ಹತ್ತು-ಹದಿನೈದು ನಿಮಿಷ ಅಮ್ಮನ ಜತೆ ಮಾತಾಡಿ. ಮಗು ಇಬ್ಬರ ಮುಖವನ್ನೂ ಓದುತ್ತಿರುತ್ತದೆ.
4. ಸ್ಟೀಲ್ ಲೋಟ ಚಮಚ ಹಿಡಿದು ತಾವೇ ಆಡಿಕೊಳ್ಳಿ. ಲೋಟವನ್ನು ಮಧ್ಯೆ ಇಡಿ.
5. ಮಗು ಮೈ ಮುಂದಕ್ಕೆ ಚಾಚಿದರೆ ಒಂದು ಬೆರಳು ಕೊಡಿ. ಅದು ಹಿಡಿದ ಮೇಲೆ ಎತ್ತಿಕೊಳ್ಳುವ ಮಾತು.

ಎತ್ತಿಕೊಂಡ ಅಮ್ಮ "ಅಳ್ತಾಳೇನೋ" ಎಂದು ತೋಳು ಬಿಗಿ ಮಾಡಿದರೆ ಈ ಐದೂ ವ್ಯರ್ಥ. ಆ ಬಿಗಿಯನ್ನೇ ಮಗು 'ಅಪಾಯ' ಎಂದು ಓದುತ್ತದೆ.

ಕೆಲಸಕ್ಕೆ ಹೊರಡುವಾಗ ಕಣ್ತಪ್ಪಿಸಿ ಹೋಗುವುದು ಎಲ್ಲರೂ ಕೊಡುವ ಕೆಟ್ಟ ಸಲಹೆ. ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಎಂದು ಮಗು ಕಲಿತು ಸೆರಗು ಬಿಡುವುದೇ ಇಲ್ಲ. ದಿನಾ ಅದೇ ಬಾಗಿಲಲ್ಲಿ, ಅದೇ ಟಾಟಾ, ನಗುಮುಖ, ಹತ್ತು ಸೆಕೆಂಡಿನಲ್ಲಿ ಹೊರಟುಬಿಡಿ. ಸೆರಗಿನಲ್ಲಿ ಮುಖ ಮುಚ್ಚಿ "ಅಮ್ಮ ಎಲ್ಲಿ?" ಆಡಿಸುವ ಆಟ ಇದಕ್ಕೆ ಒಳ್ಳೆಯ ತಯಾರಿ.

ಹಂತ 6: ಬೆರಳು, ನೋಟ, ನಿಮ್ಮ ಮುಖ (9ರಿಂದ 12 ತಿಂಗಳು)

ಒಂಬತ್ತನೇ ತಿಂಗಳ ಆಸುಪಾಸಿಗೆ 'ಜಂಟಿ ಗಮನ' ಬರುತ್ತದೆ. ಅಂದರೆ ಮಗು ಒಂದು ವಸ್ತು ನೋಡಿ, ನಿಮ್ಮನ್ನು ನೋಡಿ, ಮತ್ತೆ ವಸ್ತು ನೋಡುತ್ತದೆ: "ನೀನೂ ನೋಡಿದೆಯಾ?" ಮುಂದೆ ಬೆರಳು ತೋರಿಸುವುದು, ಹೆಚ್ಚಾಗಿ ವರ್ಷದ ಹೊತ್ತಿಗೆ. ಬೆರಳು ತೋರಿಸುವುದರಲ್ಲಿ ಎರಡು ಬಗೆ. ಬಾಳೆಹಣ್ಣಿನ ಕಡೆ ತೋರಿಸಿ ಕುಂಯ್‌ಗುಟ್ಟಿದರೆ 'ಕೊಡು'. ಕಾಗೆಯ ಕಡೆ ತೋರಿಸಿ ನಿಮ್ಮ ಮುಖ ನೋಡಿದರೆ 'ನೋಡು'. ಎರಡನೆಯದು ಹೆಚ್ಚು ಬೆಲೆಯುಳ್ಳದ್ದು, ಮಾತು ಕಟ್ಟುವುದು ಅದರ ಮೇಲೆ. ನೀವು ಮಾಡಬೇಕಾದ್ದು: ಕಾಗೆ ನೋಡಿ, ಮಗುವನ್ನು ನೋಡಿ, "ಕಾಗೆ!" ಅನ್ನಿ. ಒಂದೇ ಪದ ಸಾಕು. "ಹೌದು ಕಂದಾ, ಕಾಗೆ ಬಂದು ನಮ್ಮ ಮರದಲ್ಲಿ ಕೂತು..." ಎಂದು ಹರಿಕಥೆ ಶುರುಮಾಡಿದರೆ ಪದ ಕಳೆದುಹೋಗುತ್ತದೆ.

ಚಪ್ಪಾಳೆ, ತಾರಮ್ಮಯ್ಯ, ಟಾಟಾ, ಚಾಮಿಗೆ ಜೋತ: ಮನೆಗಳಲ್ಲಿ ಮಾಡಿಸುವ ಇವೆಲ್ಲ ಮಾತಿಗೆ ಮುಂಚಿನ ಪಾಠಗಳೇ. ಒಂದು ತಮಾಷೆ ಇದೆ. ನಮ್ಮಲ್ಲಿ 'ಹ್ಞೂಂ'ಗೂ ತಲೆ ಪಕ್ಕಕ್ಕೆ ಆಡುತ್ತದೆ, 'ಊಹೂಂ'ಗೂ ಆಡುತ್ತದೆ. ದೊಡ್ಡವರಿಗೆ ಅಭ್ಯಾಸವಾಗಿದೆ, ಮಗುವಿಗೆ ಗೊಂದಲ. 'ಬೇಡ' ಅನ್ನುವಾಗ ತಲೆಯ ಜತೆ ಅಂಗೈಯನ್ನೂ ಒಂದೇ ರೀತಿ ಆಡಿಸಿ.

ಈ ವಯಸ್ಸಿನಲ್ಲಿ ಅನುಮಾನ ಬಂದಾಗ ಮಗು ನಿಮ್ಮ ಮುಖ ನೋಡಿ ತೀರ್ಮಾನಿಸುತ್ತದೆ. 1985ರ ಒಂದು ಪ್ರಯೋಗದಲ್ಲಿ ಜೇಮ್ಸ್ ಸೋರ್ಸ್, ರಾಬರ್ಟ್ ಎಮ್ಡಿ, ಜೋಸೆಫ್ ಕ್ಯಾಂಪೋಸ್ ಮತ್ತು ಮೇರಿ ಕ್ಲಿನರ್ಟ್ ವರ್ಷದ ಮಕ್ಕಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ನೆಲ ತಗ್ಗಾದಂತೆ ಕಾಣುತ್ತಿತ್ತು. ಆಚೆ ತುದಿಯಲ್ಲಿ ತಾಯಿ ಖುಷಿಯ ಮುಖ ತೋರಿದಾಗ 19 ಮಕ್ಕಳಲ್ಲಿ 14 ದಾಟಿದವು. ಭಯದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ಮನೆಯಲ್ಲಿ ಇದರ ಉಪಯೋಗ ಎರಡು. ಸ್ವಿಚ್ ಬೋರ್ಡಿಗೆ ಕೈ ಹಾಕಿದ ಮಗುವಿಗೆ ನಗುತ್ತ "ಬೇಡಪ್ಪಾ ಕಳ್ಳಾ" ಅಂದರೆ ಮಾತಿಗಿಂತ ನಗು ಮುಂದೆ ಹೋಗುತ್ತದೆ, ಅದು ಆಟವಾಗಿ ಮತ್ತೆ ಹೋಗುತ್ತದೆ. ಮುಖ, ದನಿ, ಕೈ ಮೂರೂ 'ಬೇಡ' ಅನ್ನಬೇಕು. ಇನ್ನೊಂದು, ಅಂಬೆಗಾಲಿಡುವಾಗ ಮುಗ್ಗರಿಸಿದ ಮಗು ಅಳುವ ಮೊದಲು ನಿಮ್ಮತ್ತ ನೋಡುತ್ತದೆ. "ಅಯ್ಯಯ್ಯೋ!" ಎಂದು ಎದೆ ಹಿಡಿದುಕೊಂಡರೆ ಅಳು ಖಚಿತ. ಪೆಟ್ಟಾಗಿದೆಯೇ ಎಂದು ಸಮಾಧಾನದ ಮುಖದಿಂದ ನೋಡಿ. ನಿಜವಾಗಿ ನೋವಾಗಿದ್ದರೆ ಎತ್ತಿಕೊಳ್ಳಿ, "ಏನಾಗಿಲ್ಲ ಬಿಡು" ಎಂದು ಸುಳ್ಳು ಹೇಳಬೇಡಿ. ನೆಲಕ್ಕೆ ಹೊಡೆದು ಸಮಾಧಾನ ಮಾಡುವ ಪದ್ಧತಿಯನ್ನೂ ಬಿಡಬಹುದು.

ಹಾಲು, ಸಾಕು, ಇನ್ನೂ ಬೇಕು, ಈ ಮೂರಕ್ಕೆ ಕೈಸನ್ನೆ ಕಲಿಸುವುದಾದರೆ ಏಳೆಂಟು ತಿಂಗಳಿಗೆ ಶುರುಮಾಡಿ, ಪ್ರತಿ ಸಲವೂ ಪದದ ಜತೆಗೇ ತೋರಿಸಿ. ಮಗು ತಿರುಗಿ ಮಾಡಲು ಕೆಲವು ತಿಂಗಳೇ ಹಿಡಿಯಬಹುದು. ಇದರಿಂದ ಮಾತು ತಡವಾಗುವುದಿಲ್ಲ. ಬೇಗ ಬರುತ್ತದೆ ಎಂದು ದುಡ್ಡು ಕೇಳುವ ಕೋರ್ಸುಗಳನ್ನು ನಂಬುವ ಅಗತ್ಯವೂ ಇಲ್ಲ.

ಹಂತ 7: ಯಾವಾಗ ತೋರಿಸಬೇಕು?

- 3 ತಿಂಗಳಾದರೂ ಮುಖ ನೋಡಿ ನಗುತ್ತಿಲ್ಲ, ಕಣ್ಣು ಕೂಡಿಸುತ್ತಿಲ್ಲ.
- 6 ತಿಂಗಳಾದರೂ ಸದ್ದು ಬಂದ ಕಡೆ ತಿರುಗುತ್ತಿಲ್ಲ.
- 9ರಿಂದ 12 ತಿಂಗಳಲ್ಲಿ ಹೆಸರು ಕರೆದರೆ ನೋಡುವುದಿಲ್ಲ.
- 12 ತಿಂಗಳಾದರೂ ಟಾಟಾ, ಕೈ ಚಾಚುವುದು, ಬೆರಳು ತೋರುವುದು ಯಾವ ಸನ್ನೆಯೂ ಇಲ್ಲ. 'ಬಬಬ, ದದದ' ಥರದ ತೊದಲೂ ಇಲ್ಲ.
- ಬಂದಿದ್ದ ನಗು, ಸನ್ನೆ, ಸದ್ದು ಯಾವ ವಯಸ್ಸಿನಲ್ಲೇ ಆಗಲಿ ಹೋಗಿಬಿಟ್ಟಿದೆ. ಇದಕ್ಕೆ ಒಂದು ವಾರವೂ ಕಾಯಬೇಡಿ.

ವರ್ಷಕ್ಕೆ ಮಾತು ಬಂದಿಲ್ಲ ಅನ್ನುವುದೊಂದೇ ಇದ್ದು, ಸನ್ನೆಗಳೆಲ್ಲ ಚೆನ್ನಾಗಿದ್ದರೆ ಗಾಬರಿ ಬೇಡ. ಸನ್ನೆಯೂ ಇಲ್ಲದಿದ್ದರೆ "ಇವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದು" ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ.

ಕಿವಿ ಕೇಳದ ಮಗುವಿನ ವಿಷಯದಲ್ಲಿ ಮೋಸಹೋಗುವುದು ಬಹಳ ಸುಲಭ. ಅದೂ ಮೊದಲ ಐದಾರು ತಿಂಗಳು 'ಆ, ಊ' ಅನ್ನುತ್ತದೆ. ಮೇಲಾಗಿ ನಿಮ್ಮ ಮುಖ, ಕೈ, ನೆರಳು, ಬಾಗಿಲು ತೆಗೆದಾಗ ಬೀಸುವ ಗಾಳಿಯನ್ನು ಎಷ್ಟು ಚೆನ್ನಾಗಿ ಓದುತ್ತದೆಂದರೆ ಇಡೀ ಮನೆ ಅದಕ್ಕೆ ಕೇಳಿಸುತ್ತದೆ ಎಂದೇ ತಿಳಿದಿರುತ್ತದೆ. ತಟ್ಟೆ ಬಡಿದು ನೋಡುವ ಮನೆ ಪರೀಕ್ಷೆ ನೆಚ್ಚಿಕೊಳ್ಳಬೇಡಿ. ಒಎಇ ಎಂಬ ಪರೀಕ್ಷೆ ಕೇಳಿ: ಕಿವಿಯೊಳಗೆ ಮೆತ್ತನೆಯ ಸಣ್ಣ ಮೊನೆಯಿಟ್ಟು ಸದ್ದು ಕಳಿಸಿ, ಒಳಕಿವಿಯ ಪ್ರತಿಧ್ವನಿ ಅಳೆಯುತ್ತಾರೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ, ಮಗು ಮಲಗಿದ್ದರೆ ಇನ್ನೂ ಒಳ್ಳೆಯದು.

ಮೊದಲು ನಿಮ್ಮ ಮಕ್ಕಳ ವೈದ್ಯರು ಅಥವಾ ಆರೋಗ್ಯ ಕೇಂದ್ರ. ಚುಚ್ಚುಮದ್ದಿನ ದಿನ ತಾಯಿ ಕಾರ್ಡ್ ಜತೆ ಹೋದಾಗಲೇ ಕೇಳಿಬಿಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ, ಬೇಕಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಬೆಳವಣಿಗೆಯ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡುವ ಜಾಗ) ಕಳಿಸುತ್ತವೆ. ಶ್ರವಣ ಮತ್ತು ಮಾತಿನ ವಿಷಯಕ್ಕೆ 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವಾಗ ಎರಡು ನಿಮಿಷದ ವಿಡಿಯೊ ಒಯ್ಯಿರಿ. ಅಪರಿಚಿತ ಕೋಣೆಯಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ಫೋನನ್ನು ಪಕ್ಕದಲ್ಲಿ ಒರಗಿಸಿಟ್ಟು, ಮಗುವಿನ ಮುಖವೂ ನಿಮ್ಮ ಮುಖವೂ ಒಟ್ಟಿಗೆ ಕಾಣುವಂತೆ ತೆಗೆಯಿರಿ. ಮಗು ಮುಖ ತಿರುಗಿಸಿದ ಜಾಗವನ್ನು ಕತ್ತರಿಸಬೇಡಿ, ಅದು ಮತ್ತೆ ತಿರುಗಿತೇ, ಎಷ್ಟು ಹೊತ್ತಿಗೆ ತಿರುಗಿತು ಎಂಬುದೇ ವೈದ್ಯರು ಮೊದಲು ನೋಡಬೇಕಾದ ಭಾಗ.